ಸೆಟ್ ಆಫ್ ಇದ್ರೂ ಮೀಟರ್ 24 ವ್ಯಾಟ್ ತೋರಿಸ್ತಿದೆ, ಯಾವುದನ್ನ ನಂಬಲಿ?

ತಂತಿಮೀಟಿ

ಗೆಳೆಯರೇ, ಒಂದು ಸಣ್ಣ ತಲೆಬಿಸಿ. ಕರೆಂಟ್ ಬಿಲ್ ಬಂದಾಗಲೆಲ್ಲ ಮನೆಯಲ್ಲಿ ಎಲ್ಲರ ಬೆರಳೂ ನನ್ನ ರೇಡಿಯೋ ಕೋಣೆ ಕಡೆಗೇ ತಿರುಗುತ್ತದೆ. ಸುಮ್ನೆ ವಾದ ಯಾಕೆ, ಅಳೆದೇ ತೋರಿಸೋಣ ಅಂತ ಸಾಕೆಟ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್ ಒಂದನ್ನು ತಂದೆ. ಈಗ ಗೊಂದಲ ಇನ್ನೂ ಜಾಸ್ತಿಯಾಗಿದೆ.

ನನ್ನದು 100 ವ್ಯಾಟ್‌ನ ಎಚ್‌ಎಫ್ ಸೆಟ್, ಅಂದರೆ ಶಾರ್ಟ್‌ವೇವ್‌ನಲ್ಲಿ ಮಾತಾಡುವ ಹ್ಯಾಮ್ ರೇಡಿಯೋ. ಅದಕ್ಕೆ ಹಳೇ ಕಾಲದ ಭಾರದ ಪವರ್ ಸಪ್ಲೈ, ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಲೀನಿಯರ್. 13.8 ವೋಲ್ಟ್ ಕೊಡುತ್ತದೆ. ಸಿಕ್ಕ ಲೆಕ್ಕ ಇದು:

ಸೆಟ್ ಆಫ್, ಸಪ್ಲೈ ಮಾತ್ರ ಆನ್: 24 ವ್ಯಾಟ್. ಅದೇ ಮೀಟರಿನ ಬಟನ್ ಒತ್ತಿದರೆ 58 ವಿಎ ಅನ್ನುತ್ತದೆ.
ಸೆಟ್ ಆನ್, ಸುಮ್ಮನೆ ಕೇಳುತ್ತಿರುವಾಗ: 52 ವ್ಯಾಟ್.
ಮಾತಾಡುವಾಗ: ಇಲ್ಲಿದೆ ತಮಾಷೆ. ಒಮ್ಮೆ 190, ಒಮ್ಮೆ 460, ಒಮ್ಮೆ 1800! ನಡುವೆ ಒಂದು ಸಲ ಪರದೆ ಖಾಲಿಯಾಗಿ ಮತ್ತೆ ಸೊನ್ನೆಯಿಂದ ಶುರುವಾಯಿತು.

ಮೀಟರ್ ಕೆಟ್ಟದ್ದಾ? ನನ್ನ ಸೆಟ್ಟೇ ಕೆಟ್ಟಿದೆಯಾ? ಏನೂ ಮಾಡದೆ ಕೂತಾಗ ಹೋಗುತ್ತಿರುವುದು 24 ಆ, 58 ಆ?

ಅಲೆಮಾರಿ40ಮೀ

1800 ವ್ಯಾಟ್ ನಿಜವಾಗಿದ್ದರೆ ಇಷ್ಟು ಹೊತ್ತಿಗೆ ಹೊಗೆ ಬಂದಿರುತ್ತಿತ್ತು. ಮೀಟರಿಗೆ ನಿಮ್ಮ ಆರ್‌ಎಫ್ (ಸೆಟ್ ಹೊರಹಾಕುವ ರೇಡಿಯೋ ಶಕ್ತಿ) ನುಗ್ಗುತ್ತಿದೆ, ಅಷ್ಟೇ.

ಬೆಸುಗೆಬಾಲೆ

ಅದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಆಂಟೆನಾ ಬಿಚ್ಚಿ ಡಮ್ಮಿ ಲೋಡ್ ಹಾಕಿ, ಪವರನ್ನು ಗಾಳಿಗೆ ಬಿಡದೆ ಬಿಸಿಯಾಗಿ ನುಂಗುವ ರೆಸಿಸ್ಟರ್ ಅದು. ಕೀ ಒತ್ತಿ ಹಿಡಿದು ಐದಾರು ಸೆಕೆಂಡ್ ನೋಡಿ. ಅಂಕಿ ಒಂದೇ ಕಡೆ ನಿಂತರೆ ಮೀಟರ್ ಸರಿಯಾಗಿದೆ, ಆಂಟೆನಾದಿಂದ ವಾಪಸ್ ಬರುವ ಆರ್‌ಎಫ್ ಅದನ್ನು ಕುಣಿಸುತ್ತಿತ್ತು ಅಂತ ಅರ್ಥ. ಡಮ್ಮಿ ಲೋಡ್‌ನಲ್ಲೂ ಕುಣಿದರೆ ಬೇರೆ ಮಾತು.

ನನ್ನ ವ್ಯಾಟ್ ಮೀಟರ್ 20 ಮೀಟರ್ ತರಂಗಾಂತರದ ಬ್ಯಾಂಡಿನಲ್ಲಿ ಮಾತ್ರ ಹುಚ್ಚಾಡುತ್ತಿತ್ತು. ಸಪ್ಲೈ ವೈರನ್ನು ಆರ್‌ಎಫ್ ತಡೆಯುವ ಫೆರೈಟ್ ರಿಂಗಿಗೆ ಎಂಟು ಸುತ್ತು ಸುತ್ತಿದ ಮೇಲೆ ತೆಪ್ಪಗಾಯಿತು.

ಸುಮ್ನೆಕೇಳ್ತೀನಿ

58 ವಿಎ ಅಂದ್ರೆ 58 ವ್ಯಾಟ್ ಅಲ್ವಾ? ವೋಲ್ಟ್ ಇಂಟು ಆಂಪಿಯರ್ ತಾನೇ ವ್ಯಾಟ್? ಬಿಲ್ ಅದಕ್ಕೇ ಬರುತ್ತೆ.

ಲೆಕ್ಕದಕಡ್ಡಿ

ಡಿಸಿಯಲ್ಲಿ ಹೌದು. ಎಸಿಯಲ್ಲಿ ಅಲ್ಲ.

ಖಾಲಿ ಕೂತ ಟ್ರಾನ್ಸ್‌ಫಾರ್ಮರ್ ದೊಡ್ಡ ಸುರುಳಿ ಇದ್ದಂತೆ. ಎಸಿಯ ಪ್ರತಿ ಆವರ್ತದಲ್ಲೂ ಸ್ವಲ್ಪ ಶಕ್ತಿ ಎಳೆದುಕೊಂಡು, ಅದರಲ್ಲಿ ಬಹುಪಾಲನ್ನು ಲೈನಿಗೇ ವಾಪಸ್ ಕೊಡುತ್ತದೆ. ವೈರಿನಲ್ಲಿ ಕರೆಂಟ್ ಓಡಾಡುವುದು ನಿಜ, ಅದೇ ಆ 58. ಆದರೆ ಕೋಣೆಯಲ್ಲಿ ಬಿಸಿಯಾಗಿ ಉಳಿಯುವುದು 24. 24ನ್ನು 58ರಿಂದ ಭಾಗಿಸಿದರೆ 0.41, ಅದೇ ಪವರ್ ಫ್ಯಾಕ್ಟರ್. ಮನೆ ಮೀಟರ್ ಸಾಮಾನ್ಯವಾಗಿ ಲೆಕ್ಕ ಹಾಕುವುದು ವ್ಯಾಟನ್ನು, ವಿಎಯನ್ನಲ್ಲ.

ಹಾಗಂತ ಆ 24ನ್ನೂ ಕಣ್ಣು ಮುಚ್ಚಿ ನಂಬಬೇಡಿ. ಸಾಕೆಟ್ ಮೀಟರ್‌ಗಳು 200 ವ್ಯಾಟಿಗೆ ಚೆನ್ನಾಗಿ ಹೇಳುತ್ತವೆ. ಕಡಿಮೆ ಕರೆಂಟ್, ಅದರ ಮೇಲೆ ಪವರ್ ಫ್ಯಾಕ್ಟರ್ ಕೂಡ ಕಡಿಮೆ ಅಂದಾಗ ಎಡವುತ್ತವೆ. ಎರಡು ಮೂರು ವ್ಯಾಟಿನ ಸ್ಟ್ಯಾಂಡ್‌ಬೈ ಅಳೆಯುವಾಗಂತೂ ಬಾಯಿಗೆ ಬಂದದ್ದು ಹೇಳುತ್ತವೆ. ಅದಕ್ಕೇ ಸ್ಟ್ಯಾಂಡ್‌ಬೈ ಅಳತೆಗೆ ಐಇಸಿ 62301 ಅನ್ನುವ ಬೇರೆ ಮಾನದಂಡವೇ ಇದೆ.

ಹಳೇವಾಲ್ವ್

ಲೀನಿಯರ್ ಸಪ್ಲೈ ಖಾಲಿ ಕೂತು 24 ವ್ಯಾಟ್ ತಿನ್ನುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಕೈಯಿಟ್ಟು ನೋಡಿ, ಬೆಚ್ಚಗಿರುತ್ತದೆ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ನಷ್ಟ ಅಂತಾರಲ್ಲ, ಅದು ಲೋಡ್ ಇರಲಿ ಬಿಡಲಿ ಹೋಗುತ್ತಲೇ ಇರುತ್ತದೆ.

ನನ್ನ ಕಾಲದಲ್ಲಿ ಮೀಟರ್ ಕೊಳ್ಳುವ ಗೋಜೇ ಇರಲಿಲ್ಲ. ಗೋಡೆ ಮೇಲಿನ ಮೀಟರಿನಲ್ಲಿ ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿತ್ತು. ಒಂದು ಯೂನಿಟ್ಟಿಗೆ 600 ಸುತ್ತು ಅಂತ ಬರೆದಿದ್ದರೆ, ಸುತ್ತಿಗೆ 6 ಸೆಕೆಂಡ್ ಹಿಡಿದರೆ 1000 ವ್ಯಾಟ್. ಎರಡು 807 ವಾಲ್ವ್ (ಟ್ರಾನ್ಸಿಸ್ಟರಿಗೂ ಮುಂಚಿನ ಗಾಜಿನ ಕೊಳವೆ) ಹಾಕಿದ ಟ್ರಾನ್ಸ್‌ಮಿಟರ್ ನನ್ನದು. ನಾನು ಕೀ ಒತ್ತಿದಾಗ ಆಚೆ ತಟ್ಟೆ ಜೋರಾಗಿ ಓಡುವುದನ್ನು ತಮ್ಮ ಬಾಗಿಲಲ್ಲಿ ನಿಂತು ನೋಡಿ ಕೂಗಿ ಹೇಳುತ್ತಿದ್ದ. ಅವನಿಗೆ ಮೋರ್ಸ್ ಬರುತ್ತಿರಲಿಲ್ಲ. ಆದರೆ ನಾನು ಉದ್ದ ಗೆರೆ ಹೊಡೆದದ್ದು ತಟ್ಟೆ ನೋಡಿಯೇ ಗೊತ್ತಾಗುತ್ತಿತ್ತು.

ಸುಮ್ನೆಕೇಳ್ತೀನಿ

ಗುರುಗಳೇ, ವಾಲ್ವ್ ಸೆಟ್ ಕೇಳುವಾಗಲೇ ತುಂಬಾ ಕರೆಂಟ್ ತಿನ್ನುತ್ತಿತ್ತಂತೆ, ಹೌದಾ?

ಹಳೇವಾಲ್ವ್

ಹೌದಪ್ಪ. ಒಂದು ಸಣ್ಣ ವಾಲ್ವಿನ ಹೀಟರ್ 6.3 ವೋಲ್ಟ್, 0.3 ಆಂಪಿಯರ್. ಅಂದರೆ ಹತ್ತಿರ ಹತ್ತಿರ 1.9 ವ್ಯಾಟ್, ಬರೀ ಕೆಂಪಗೆ ಮಿನುಗುವುದಕ್ಕೆ. 807 ಒಂದೊಂದಕ್ಕೂ 0.9 ಆಂಪಿಯರ್. ಮೈಕಿನಲ್ಲಿ ಬಾಯಿ ಬಿಡುವ ಮುಂಚೆಯೇ ಎರಡಕ್ಕೆ 11 ವ್ಯಾಟ್ ಹೋಯಿತು. 1954ರಲ್ಲಿ ಮೊದಲ ಟ್ರಾನ್ಸಿಸ್ಟರ್ ರೇಡಿಯೋ ಮಾರುಕಟ್ಟೆಗೆ ಬಂದಾಗ ಜನ ಯಾಕೆ ಬೆರಗಾದರು ಅಂದುಕೊಂಡಿದ್ದೀರಿ? ಹೀಟರ್ರೇ ಇಲ್ಲ! ಅಂಗೈಯಗಲದ ಡಬ್ಬಿ, ಒಂದು 22.5 ವೋಲ್ಟ್ ಬ್ಯಾಟರಿ, ಅಷ್ಟರಲ್ಲೇ ಹಾಡುತ್ತಿತ್ತು.

ಮೂರನೇಫ್ಯೂಸ್

ಇಷ್ಟೆಲ್ಲ ಯಾಕೆ, ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿಗಿಟ್ಟು ಡಿಸಿ ವೈರಿನ ಮಧ್ಯೆ ಸೇರಿಸಿದರೆ ಸೆಟ್ ಎಷ್ಟು ತಿನ್ನುತ್ತದೆ ಅಂತ ನೇರವಾಗಿ ಗೊತ್ತಾಗುವುದಿಲ್ಲವೇ?

ಬೆಸುಗೆಬಾಲೆ

ನಿಮ್ಮ ಹೆಸರೇ ಉತ್ತರ ಹೇಳುತ್ತಿದೆ 😀

ರಿಸೀವ್ ಅಳೆಯಲು ಪರವಾಗಿಲ್ಲ, ಒಂದೋ ಎರಡೋ ಆಂಪಿಯರ್. ಟ್ರಾನ್ಸ್‌ಮಿಟ್‌ನಲ್ಲಿ 20 ಆಂಪಿಯರ್ ಎಳೆಯುವ ಸೆಟ್ಟಿಗೆ 10ರ ಫ್ಯೂಸ್ ಎಲ್ಲಿ ಸಾಕು? ಕೆಲವು ಮೀಟರಿನಲ್ಲಿ 20 ಆಂಪಿಯರ್ ಅಂತ ತೂತು ಇರುತ್ತದೆ. ಪಕ್ಕದ ಸಣ್ಣ ಅಕ್ಷರ ಓದಿ: ಫ್ಯೂಸ್ ಇಲ್ಲ, ಕೆಲವೇ ಸೆಕೆಂಡ್ ಮಾತ್ರ. ಅದೂ ಅಲ್ಲದೆ ಮೀಟರಿನ ತೆಳು ವೈರಲ್ಲೇ ವೋಲ್ಟೇಜ್ ಇಳಿದು, ಸೆಟ್ ಕೀ ಒತ್ತಿದ ತಕ್ಷಣ ಆಫ್ ಆಗುತ್ತದೆ.

ಮೂರನೇಫ್ಯೂಸ್

ಹೆಸರಿನ ಕಥೆ ಬೇರೆ ಮೇಡಂ. ಕರೆಂಟ್ ಅಳೆದು ಮುಗಿಸಿದೆ. ಕೆಂಪು ಪ್ರೋಬನ್ನು ಆಂಪಿಯರ್ ತೂತಿನಿಂದ ತೆಗೆಯದೆ ಹಾಗೇ ಬ್ಯಾಟರಿ ವೋಲ್ಟೇಜ್ ನೋಡಲು ಹೋದೆ. ಪಟ್ ಅಂತು. ಎರಡನೇ ಸಲವೂ ಇದೇ. ಮೂರನೇ ಸಲವೂ. ಮೀಟರಿನ ಹಿಂದೆ ಈಗ ಎಚ್ಚರಿಕೆಯ ಚೀಟಿ ಅಂಟಿಸಿದ್ದೇನೆ.

ಲೆಕ್ಕದಕಡ್ಡಿ

ಬ್ಯಾಟರಿ ಅಂತ ಪಟ್ ಅಂದು ಬಿಟ್ಟಿತು. ಹಾಗೇ ಗೋಡೆ ಸಾಕೆಟ್ಟಿಗೆ ಇಟ್ಟಿದ್ದರೆ ಕೈಗೇ ಬರುತ್ತಿತ್ತು. ಚೀಟಿ ಹಿಂದೆ ಅಲ್ಲ, ಮುಂದೆ ಅಂಟಿಸಿ.

ಸೊನ್ನೆಡಿಬಿ

20 ಆಂಪಿಯರಿಗೆ ಷಂಟೇ ಸರಿ, ಅಂದರೆ ವೈರಿನ ಮಧ್ಯೆ ಸೇರಿಸುವ ತೀರಾ ಕಡಿಮೆ ರೆಸಿಸ್ಟೆನ್ಸಿನ ತುಂಡು. 50 ಆಂಪಿಯರಿಗೆ 75 ಮಿಲಿವೋಲ್ಟ್ ಅಂತ ಹಿತ್ತಾಳೆ ತುದಿಗಳಿರುವುದು ಸಿಗುತ್ತದೆ. ಅದರ ರೆಸಿಸ್ಟೆನ್ಸ್ 1.5 ಮಿಲಿಓಮ್. 20 ಆಂಪಿಯರ್ ಹರಿದರೆ ಎರಡು ತುದಿ ನಡುವೆ 30 ಮಿಲಿವೋಲ್ಟ್. ಮಲ್ಟಿಮೀಟರಿನ ಮಿಲಿವೋಲ್ಟ್ ರೇಂಜಲ್ಲಿ ನೋಡಿದರೆ ಮುಗಿಯಿತು. ಫ್ಯೂಸಿನ ಚಿಂತೆ ಇಲ್ಲ, ಸೆಟ್ಟಿಗೆ ವೋಲ್ಟೇಜ್ ಕೊರತೆಯೂ ಇಲ್ಲ.

ಒಂದೇ ತೊಂದರೆ. ಎಸ್‌ಎಸ್‌ಬಿಯಲ್ಲಿ (ಹ್ಯಾಮ್‌ಗಳು ಮಾತಾಡಲು ಬಳಸುವ ವಿಧಾನ) ಮಾತಿನ ಏರಿಳಿತಕ್ಕೆ ತಕ್ಕಂತೆ ಕರೆಂಟೂ ಏರಿಳಿಯುತ್ತದೆ. ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಅಂಕಿ ಬದಲಿಸುತ್ತದೆ, ಕಣ್ಣಿಗೆ ಕಂಡದ್ದು ಸರಾಸರಿಯೂ ಅಲ್ಲ, ಗರಿಷ್ಠವೂ ಅಲ್ಲ. ನಾನು ಷಂಟಿಗೆ ಕರೆಂಟ್ ಅಳೆಯುವ ಐಎನ್‌ಎ226 ಚಿಪ್ ಕಟ್ಟಿ, ಸಣ್ಣ ಬೋರ್ಡಿನಲ್ಲಿ ಸೆಕೆಂಡಿಗೆ ನೂರು ಸಲ ಓದಿ ಕೂಡಿಸುತ್ತೇನೆ. ಚಿಪ್ಪಿನ ಮಿತಿ 81.92 ಮಿಲಿವೋಲ್ಟ್, ಹಾಗಾಗಿ 75ರ ಷಂಟ್ ಹೇಳಿ ಮಾಡಿಸಿದ ಹಾಗಿದೆ. ದಿನದ ಕೊನೆಗೆ ಎಷ್ಟು ವ್ಯಾಟ್ ಅವರ್ ಅಂತ ಒಂದೇ ಅಂಕಿ.

ಅಲೆಮಾರಿ40ಮೀ

ಷಂಟ್ ಯಾವ ಕಡೆ ಹಾಕಿದ್ದೀರಿ? ಪಾಸಿಟಿವ್ ಕಡೆಗಾ, ನೆಗೆಟಿವ್ ಕಡೆಗಾ?

ಸೊನ್ನೆಡಿಬಿ

ನೆಗೆಟಿವ್. ಚಿಪ್ಪಿಗೆ ಸುಲಭ.

ಅಲೆಮಾರಿ40ಮೀ

ಅಲ್ಲೇ ಎಡವಿದ್ದೀರಿ. ನಾನೂ ಒಂದು ವಾರ ತಲೆ ಚಚ್ಚಿಕೊಂಡಿದ್ದೆ. ಸೆಟ್ಟಿನ ನೆಗೆಟಿವ್ ಅದರ ಡಬ್ಬಿಗೆ ಸೇರಿರುತ್ತದೆ. ಡಬ್ಬಿ ಅರ್ಥ್ ವೈರಿಗೆ, ಆಂಟೆನಾ ಕೇಬಲ್ (ಕೋಆಕ್ಸ್) ಹೊದಿಕೆಗೆ, ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರಿಗೆ. ಅತ್ತ ಸಪ್ಲೈ ನೆಗೆಟಿವ್ ಕೂಡ ಎಷ್ಟೋ ಸಲ ಅರ್ಥಿಗೆ ಸೇರಿರುತ್ತದೆ. ಹಾಗಿದ್ದಾಗ ಕರೆಂಟ್ ವಾಪಸ್ ಬರಲು ಷಂಟ್ ಒಂದೇ ದಾರಿಯಲ್ಲ. ಒಂದಿಷ್ಟು ಹಿತ್ತಲ ದಾರಿಯಲ್ಲಿ ಹೋಗುತ್ತದೆ. ಮೀಟರ್ 20 ಆಂಪಿಯರ್ ಇದ್ದದ್ದನ್ನು 16 ಅನ್ನುತ್ತದೆ, ನಾವು ಸೆಟ್ ಚೆನ್ನಾಗಿದೆ ಅಂತ ಖುಷಿಪಡುತ್ತೇವೆ.

ನಾನು ಕಂಡುಹಿಡಿದದ್ದು ಆಕಸ್ಮಿಕವಾಗಿ. ಅರ್ಥ್ ವೈರ್ ಸ್ಕ್ರೂ ಬಿಗಿ ಮಾಡಿದೆ, ಕರೆಂಟ್ 3 ಆಂಪಿಯರ್ ಇಳಿಯಿತು. ಸಡಿಲ ಮಾಡಿದೆ, ಏರಿತು. ಸ್ಕ್ರೂಡ್ರೈವರ್ ಹಿಡಿದು ಹತ್ತು ನಿಮಿಷ ಅದೇ ಆಟ ಆಡಿದೆ.

ಐಎನ್‌ಎ226 36 ವೋಲ್ಟ್ ತನಕ ಪಾಸಿಟಿವ್ ಕಡೆಯಲ್ಲೂ ಕೆಲಸ ಮಾಡುತ್ತದೆ. ಅಲ್ಲಿಗೇ ಹಾಕಿ.

ಸೊನ್ನೆಡಿಬಿ

ಅಯ್ಯೋ. ಎರಡು ವರ್ಷದ ಅಂಕಿಅಂಶ ಬರೆದಿಟ್ಟಿದ್ದೆ.

(ಒಂದು ಗಂಟೆ ಬಿಟ್ಟು) ಬದಲಿಸಿದೆ. 18.1 ತೋರಿಸುತ್ತಿದ್ದದ್ದು ಈಗ 20.4. ಮಾತಿಲ್ಲ.

ಸುಮ್ನೆಕೇಳ್ತೀನಿ

ವೈರನ್ನು ಬಾಯಲ್ಲಿ ಕಚ್ಚಿ ಅಳೆಯುವ ಕ್ಲಾಂಪ್ ಮೀಟರ್ ಹಾಕಿದರೆ ಇದ್ಯಾವ ರಗಳೆಯೂ ಇಲ್ಲ ಅಲ್ವಾ? ನನ್ನ ಹತ್ತಿರ ಇದೆ, ಆದರೆ ಸೊನ್ನೆ ತೋರಿಸುತ್ತೆ.

ಲೆಕ್ಕದಕಡ್ಡಿ

ಎರಡು ಕಾರಣ ಇರಬಹುದು. ಒಂದು, ನಿಮ್ಮದು ಎಸಿ ಮಾತ್ರ ಅಳೆಯುವ ಕ್ಲಾಂಪ್. ಡಿಸಿಗೆ ಕಾಂತಕ್ಷೇತ್ರ ಅಳೆಯುವ ಹಾಲ್ ಸೆನ್ಸರ್ ಇರುವುದು ಬೇಕು. ಎರಡು, ಕೆಂಪು ಕಪ್ಪು ಎರಡೂ ವೈರನ್ನು ಒಟ್ಟಿಗೆ ಬಾಯೊಳಗೆ ಹಾಕಿದ್ದೀರಿ. ಹೋಗುವುದು ಬರುವುದು ಎರಡೂ ಸೇರಿ ಸೊನ್ನೆ.

ಡಿಸಿ ಕ್ಲಾಂಪಿನಲ್ಲಿ ಪ್ರತಿ ಸಲ ಮೊದಲು ಝೀರೋ ಬಟನ್ ಒತ್ತಿ. ಕ್ಲಾಂಪನ್ನು ಬೇರೆ ದಿಕ್ಕಿಗೆ ತಿರುಗಿಸಿದರೆ ಭೂಮಿಯ ಕಾಂತಕ್ಕೇ ಅಂಕಿ ಸ್ವಲ್ಪ ಜರುಗುತ್ತದೆ.

ಸುಮ್ನೆಕೇಳ್ತೀನಿ

ಎರಡೂ ವೈರ್ 🙏

ತಂತಿಮೀಟಿ

ಎಲ್ಲರಿಗೂ ಥ್ಯಾಂಕ್ಸ್. ಡಮ್ಮಿ ಲೋಡ್ ಹಾಕಿ ನೋಡಿದೆ. ಕೀ ಒತ್ತಿ 100 ವ್ಯಾಟ್ ಕೊಟ್ಟಾಗ ಗೋಡೆಯಿಂದ 430 ವ್ಯಾಟ್, ಕದಲದೆ ನಿಂತಿತು. ಅಂದರೆ 1800 ಆರ್‌ಎಫ್ ಆಟವೇ.

ಆದರೆ 100 ಹೊರಗೆ ಕಳಿಸಲು 430 ಬೇಕಾ? ಇದ್ಯಾವ ನ್ಯಾಯ?

ಬೆಸುಗೆಬಾಲೆ

ಎರಡು ಕಡೆ ಸೋರುತ್ತದೆ. ಸೆಟ್ 13.8 ವೋಲ್ಟಿನಲ್ಲಿ 20 ಆಂಪಿಯರ್ ಎಳೆದರೆ 276 ವ್ಯಾಟ್. ಅದರಲ್ಲಿ 100 ಆಂಟೆನಾಕ್ಕೆ, ಉಳಿದದ್ದು ಫೈನಲ್ ಟ್ರಾನ್ಸಿಸ್ಟರ್‌ಗಳ ಬಿಸಿ, ಫ್ಯಾನ್, ಪರದೆ. ಕ್ಲಾಸ್ ಎಬಿ ಅನ್ನುವ ಆಂಪ್ಲಿಫೈಯರ್ ಬಗೆ ಅಂದರೆ ಹೀಗೇ. ಇನ್ನು 276ಕ್ಕೂ 430ಕ್ಕೂ ನಡುವೆ ಇರುವುದು ಸಪ್ಲೈ. ಲೀನಿಯರ್ ಹೆಚ್ಚಿನ ವೋಲ್ಟೇಜ್ ತಂದು, ಬೇಡದ್ದನ್ನು ಬಿಸಿ ಮಾಡಿ ಬಿಸಾಡಿ 13.8 ಕೊಡುತ್ತದೆ. ವೇಗವಾಗಿ ಆನ್ ಆಫ್ ಮಾಡುತ್ತಾ ವೋಲ್ಟೇಜ್ ಇಳಿಸುವ ಸ್ವಿಚಿಂಗ್ ಸಪ್ಲೈ ಆಗಿದ್ದರೆ ಅದೇ ಕೆಲಸಕ್ಕೆ 330 ಆಸುಪಾಸು ಸಾಕು.

ಹಳೇವಾಲ್ವ್

ಸ್ವಿಚಿಂಗ್ ಸಪ್ಲೈ ತಂದು ಬ್ಯಾಂಡ್ ತುಂಬಾ ಗುಂಯ್ ಅನ್ನಿಸಿಕೊಳ್ಳಿ. ಕರೆಂಟ್ ಉಳಿಸಿ ಕಿವಿ ಕಳೆದುಕೊಳ್ಳಿ.

ಬೆಸುಗೆಬಾಲೆ

ಸರ್, ಎಲ್ಲ ಸ್ವಿಚಿಂಗ್ ಹಾಗಲ್ಲ. ನನ್ನದರಲ್ಲಿ ಆನ್ ಆಫ್ ಮಾಡಿದರೂ ಸಿಗ್ನಲ್ ಬಲ ತೋರಿಸುವ ಎಸ್ ಮೀಟರ್ ಕದಲುವುದಿಲ್ಲ.

ಹಳೇವಾಲ್ವ್

ನಿಮ್ಮ ಊಟದ ಮೇಜಿನಷ್ಟು ದೂರದಲ್ಲಿ ಆಂಟೆನಾ ಇಟ್ಟು ಹೇಳಿ ಆಮೇಲೆ.

ಅಲೆಮಾರಿ40ಮೀ

ಇದು ಶುರುವಾದರೆ ನಾಳೆ ಬೆಳಗಾದರೂ ಮುಗಿಯುವುದಿಲ್ಲ. ಬೇರೆ ಚರ್ಚೆ ತೆರೆಯಿರಿ ಇಬ್ಬರೂ.

ತಂತಿಮೀಟಿ

ಹಾಗಾದರೆ ಪವರ್ 50ಕ್ಕೆ ಇಳಿಸಿದರೆ ಕರೆಂಟ್ ಅರ್ಧ ಆಗುತ್ತದಾ?

ಸೊನ್ನೆಡಿಬಿ

ಆಗಲ್ಲ. ಈಗ ತಾನೇ ಸರಿ ಮಾಡಿದ ಷಂಟಿನಲ್ಲಿ ಅಳೆದೆ. 100 ವ್ಯಾಟಿಗೆ 20.4 ಆಂಪಿಯರ್. 50ಕ್ಕೆ 14.8. 25ಕ್ಕೆ 11. 5 ವ್ಯಾಟಿಗೆ ಇಳಿಸಿದರೂ 6 ಆಂಪಿಯರ್!

ಪವರ್ ಕಾಲು ಭಾಗವಾದರೆ ಕರೆಂಟ್ ಸುಮಾರು ಅರ್ಧವಾಗುತ್ತದೆ, ಅಷ್ಟೇ. ವೋಲ್ಟೇಜ್ 13.8 ಅಂತ ಕಟ್ಟಿಹಾಕಿದೆ, ಅದಕ್ಕೆ. ಅದರ ಮೇಲೆ ಸೆಟ್ ಸುಮ್ನೆ ಎದ್ದಿರುವುದಕ್ಕೆ ತಿನ್ನುವ ಒಂದೂವರೆ ಎರಡು ಆಂಪಿಯರ್ ಇದ್ದೇ ಇರುತ್ತದೆ.

ಅಲೆಮಾರಿ40ಮೀ

ಅದಕ್ಕೇ ಬೆಟ್ಟ ಹತ್ತುವಾಗ 100 ವ್ಯಾಟಿನ ಸೆಟ್ ಹೊತ್ತು ಪವರ್ ಇಳಿಸುವವರನ್ನು ನೋಡಿದರೆ ನಗು ಬರುತ್ತದೆ. 5 ವ್ಯಾಟಿಗಂತಲೇ ಮಾಡಿದ ಸೆಟ್ ಒಯ್ಯಿರಿ. ನನ್ನ ಸಿಡಬ್ಲ್ಯೂ (ಮೋರ್ಸ್) ಡಬ್ಬಿ ಕೇಳುವಾಗ 0.05 ಆಂಪಿಯರ್ ಕೂಡ ದಾಟುವುದಿಲ್ಲ. ಬ್ಯಾಟರಿ ಮುಗಿಯುವ ಮುಂಚೆ ನನ್ನ ನೀರು ಮುಗಿಯುತ್ತದೆ.

ಮೂರನೇಫ್ಯೂಸ್

ಎಫ್‌ಟಿ8 (ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ವಿಧಾನ) ಆಡುವವರಿಗೆ ಲೆಕ್ಕ ಹೇಗೆ? ನಾನು ಸಂಜೆಯೆಲ್ಲ ಅದರಲ್ಲೇ.

ಲೆಕ್ಕದಕಡ್ಡಿ

ಎಫ್‌ಟಿ8ನಲ್ಲಿ ಒಂದು ಸರದಿ 15 ಸೆಕೆಂಡ್, ಅದರಲ್ಲಿ ಸಿಗ್ನಲ್ ಹೋಗುವುದು 12.64 ಸೆಕೆಂಡ್, ಪೂರ್ತಿ ಪವರಿನಲ್ಲಿ. ಒಂದು ಸರದಿ ಬಿಟ್ಟು ಒಂದು. ಅಂದರೆ ಬಿಡದೆ ಕರೆಯುತ್ತಿದ್ದರೆ 30 ಸೆಕೆಂಡಿಗೆ 12.64, ನೂರಕ್ಕೆ 42 ಪಾಲು ಹೊತ್ತು. 50 ವ್ಯಾಟಿನಲ್ಲಿ 15 ಆಂಪಿಯರ್ ಹಿಡಿದರೂ ಗಂಟೆಗೆ ಡಿಸಿಯಲ್ಲಿ 87 ವ್ಯಾಟ್ ಅವರ್, ಮೇಲೆ ಕೇಳುವ ಖರ್ಚು. ಮಾತಿನಲ್ಲಾದರೆ ಪದಗಳ ನಡುವೆ ಉಸಿರಾಡುವಾಗ ಸೆಟ್ಟೂ ಉಸಿರಾಡುತ್ತದೆ, ಇಲ್ಲಿ ಅದಿಲ್ಲ. ಹೀಟ್‌ಸಿಂಕ್ ಮುಟ್ಟಿ ನೋಡಿದರೆ ಯಾವುದು ಜಾಸ್ತಿ ಅಂತ ಗೊತ್ತಾಗುತ್ತದೆ.

ತಂತಿಮೀಟಿಯವರೇ, ನೀವು ಟ್ರಾನ್ಸ್‌ಮಿಟ್ ಹಿಂದೆ ಬಿದ್ದಿದ್ದೀರಿ. ದಿನಕ್ಕೆ ನಿಜವಾಗಿ ಎಷ್ಟು ಹೊತ್ತು ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತುತ್ತೀರಿ? ಸಪ್ಲೈ ಯಾವಾಗ ಆಫ್ ಮಾಡುತ್ತೀರಿ?

ತಂತಿಮೀಟಿ

ಕೇಳುವುದು ಮೂರು ಗಂಟೆ. ಪಿಟಿಟಿ ಎಲ್ಲ ಸೇರಿ ಇಪ್ಪತ್ತು ನಿಮಿಷ.

ಸಪ್ಲೈ... ಅದರ ಸ್ವಿಚ್ ಹಿಂದುಗಡೆ ಇದೆ. ಮೇಜು ಗೋಡೆಗೆ ಒತ್ತಿದೆ. ನಿಜ ಹೇಳಬೇಕಂದ್ರೆ ಅದನ್ನು ಆಫ್ ಮಾಡಿದ್ದು ಯಾವಾಗ ಅಂತ ನೆನಪಿಲ್ಲ.

ಲೆಕ್ಕದಕಡ್ಡಿ

ಸಿಕ್ಕಿತು ನೋಡಿ. ಮಾತಾಡುವಾಗ ಗೋಡೆಯಿಂದ ಸರಾಸರಿ 200 ವ್ಯಾಟ್ ಹಿಡಿಯೋಣ, ಇಪ್ಪತ್ತು ನಿಮಿಷಕ್ಕೆ 67 ವ್ಯಾಟ್ ಅವರ್. ಕೇಳುವುದು 52 ಇಂಟು 3, ಅಂದರೆ 156. ಉಳಿದ ಇಪ್ಪತ್ತು ಗಂಟೆ ನಲವತ್ತು ನಿಮಿಷ, 24 ವ್ಯಾಟಿನಂತೆ 496. ದಿನಕ್ಕೆ ಮುಕ್ಕಾಲು ಯೂನಿಟ್ಟಿಗೆ ಸ್ವಲ್ಪ ಕಡಿಮೆ, ಅದರಲ್ಲಿ ಮೂರನೇ ಎರಡು ಪಾಲಿಗಿಂತ ಜಾಸ್ತಿ ನೀವು ಕೋಣೆಯಲ್ಲೇ ಇಲ್ಲದಾಗ ಹೋಗಿದೆ.

ಇದು ಆ 24 ನಿಜ ಅನ್ನುವುದಾದರೆ. ಅದನ್ನು ಮನೆ ಮೀಟರಿನಲ್ಲಿ ಪರೀಕ್ಷೆ ಮಾಡಿ. ಅದರಲ್ಲೊಂದು ಪುಟ್ಟ ದೀಪ ಮಿಣುಕುತ್ತದೆ, ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಅಂತ ಮೀಟರ್ ಮೇಲೆ ಬರೆದಿರುತ್ತದೆ. 3200 ಇದ್ದರೆ, 1125ನ್ನು ಎರಡು ಮಿಣುಕಿನ ನಡುವಿನ ಸೆಕೆಂಡಿನಿಂದ ಭಾಗಿಸಿ. ಅದೇ ವ್ಯಾಟ್. ಒಂದೇ ಮಿಣುಕು ನಂಬಬೇಡಿ, ಹತ್ತು ಎಣಿಸಿ.

ತಂತಿಮೀಟಿ

ಮಾಡಿದೆ. ನನ್ನ ಮೀಟರ್ 3200ರದ್ದೇ.

ಮನೆಯವರಿಗೆ ಅರ್ಧ ಗಂಟೆ ಅಂತ ಹೇಳಿ ಎಲ್ಲ ಆಫ್ ಮಾಡಿಸಿದೆ. ಫ್ರಿಜ್, ರೌಟರ್, ಕಾಲಿಂಗ್ ಬೆಲ್ಲಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಸಹಿತ. ಹತ್ತು ನಿಮಿಷ ಟಾರ್ಚ್ ಹಿಡಿದು ನಿಂತೆ, ಒಂದೂ ಮಿಣುಕಲಿಲ್ಲ. ಆಮೇಲೆ ಸಪ್ಲೈ ಒಂದನ್ನೇ ಹಾಕಿದೆ. ಮೊದಲ ಮಿಣುಕಿಗೆ ಗಡಿಯಾರ ಒತ್ತಿ ಎಣಿಸುತ್ತಾ ಹೋದೆ. ಏಳನೆಯದಕ್ಕೆ ಬಂದಾಗ ಮಗಳು ಕತ್ತಲಲ್ಲಿ ಫೋನ್ ಚಾರ್ಜಿಗೆ ಹಾಕಿದಳು. ಮತ್ತೆ ಮೊದಲಿಂದ.

ಎರಡನೇ ಸಲ ಹತ್ತು ಮಿಣುಕಿಗೆ 7 ನಿಮಿಷ 48 ಸೆಕೆಂಡ್. ಅಂದರೆ ಒಂದಕ್ಕೆ 46.8. ಭಾಗಿಸಿದರೆ 24.04 ವ್ಯಾಟ್. ಸಾಕೆಟ್ ಮೀಟರ್ ಹೇಳಿದ್ದು ಸರಿಯಾಗಿತ್ತು!

ಬೆಸುಗೆಬಾಲೆ

ವಾಹ್. ವರ್ಷಪೂರ್ತಿ ಆನ್ ಇದ್ದರೆ 24 ವ್ಯಾಟ್ ಅಂದರೆ 210 ಯೂನಿಟ್. ಮನೆಯವರಿಗೆ ಹೇಳಿದಿರಾ?

ತಂತಿಮೀಟಿ

ಮೇಜನ್ನು ಮುಂದೆ ಎಳೆದಿದ್ದೇನೆ. ಸ್ವಿಚ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿದ್ದೇನೆ. ಅಂಕಿ ಇನ್ನೂ ಹೇಳಿಲ್ಲ.

ಸೊನ್ನೆಡಿಬಿ

ನನ್ನಲ್ಲಿ ಆಫ್ ಮಾಡಲಾಗದ ಒಂದಿದೆ. ಸದಾ ಬಿಸಿಯಾಗಿಡುವ ಪುಟ್ಟ ಓವನ್ ಇರುವ ಕ್ರಿಸ್ಟಲ್ ಆಸಿಲೇಟರ್, ಫ್ರೀಕ್ವೆನ್ಸಿ ಹೋಲಿಸಲು. ಆಫ್ ಮಾಡಿದರೆ ಮತ್ತೆ ಬಿಸಿಯೇರಿ ಒಂದು ಕಡೆ ನಿಲ್ಲಲು ತುಂಬಾ ಹೊತ್ತು ಬೇಕು.

ಹಳೇವಾಲ್ವ್

ಅಂತೂ ನಿಮಗೂ ಒಂದು ಹೀಟರ್ ಬೇಕಾಯಿತು.

ಸುಮ್ನೆಕೇಳ್ತೀನಿ

ರೌಟರ್ ಕೂಡ ರೇಡಿಯೋನೇ ಅಲ್ವಾ? ನಮ್ಮದು 10 ವ್ಯಾಟ್ ತೋರಿಸುತ್ತೆ, ಯಾವಾಗಲೂ ಆನ್.

ಲೆಕ್ಕದಕಡ್ಡಿ

ವರ್ಷಕ್ಕೆ 87.6 ಯೂನಿಟ್. ಅದನ್ನು ಆಫ್ ಮಾಡಿ ನೋಡಿ, ಮನೆಯಲ್ಲಿ ಯಾರು ಮೊದಲು ಕೂಗುತ್ತಾರೆ ಅಂತ ಅಳೆಯಿರಿ.

ಮೂರನೇಫ್ಯೂಸ್

ಇದೆಲ್ಲ ಓದಿ ಹುರುಪು ಬಂದು ನನ್ನ ಸಪ್ಲೈ ಅಳೆಯಲು ಕೂತೆ. ಷಂಟ್ ಹಾಕಿದೆ, ಪಾಸಿಟಿವ್ ಕಡೆಗೇ. ರಿಸೀವ್ 1.1 ಆಂಪಿಯರ್, ಟ್ರಾನ್ಸ್‌ಮಿಟ್ 19.6. ಎಲ್ಲ ಚೆನ್ನಾಗಿತ್ತು. ಕೊನೆಗೆ ಮಾತಿಗೆ ಒಂದು ಸಲ ವೋಲ್ಟೇಜ್ ನೋಡೋಣ ಅಂದುಕೊಂಡೆ.

ಬೆಸುಗೆಬಾಲೆ

ಬೇಡ ಹೇಳಬೇಡಿ.

ಮೂರನೇಫ್ಯೂಸ್

ಇಲ್ಲ ಮೇಡಂ, ಈ ಸಲ ಚೀಟಿ ಮುಂದೆ ಅಂಟಿಸಿದ್ದೆ. 13.79 ವೋಲ್ಟ್.